ನಾಲ್ಕನೆಯ ಗಾಲಿ

ಆಶ್‌ಬರ್ನ್

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಗದಗಿನಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ಶ್ವೇತಭವನ ನೋಡಿದಿರಾ, ಚಳಿ ಹೇಗಿತ್ತು. ಶ್ವೇತಭವನವನ್ನು ನಾನು ಬೇಲಿಯ ಆಚೆಯಿಂದ ನೋಡಿದೆ. ನಮ್ಮ ತಹಶೀಲ್ದಾರ ಕಚೇರಿಯ ಮುಂದೆ ನಿಲ್ಲುವಷ್ಟೇ ಜನ ಅಲ್ಲಿಯೂ ನಿಂತಿದ್ದರು, ಕೈಯಲ್ಲಿ ಅರ್ಜಿ ಇರಲಿಲ್ಲ ಅಷ್ಟೇ. ಅಕ್ಟೋಬರಿನ ಚಳಿ ಹಿತವಾಗಿತ್ತು. ಈ ಎರಡು ಉತ್ತರ ಕೊಟ್ಟು ಮುಗಿಸಿದ ಮೇಲೆ ನನಗೆ ಹೇಳಬೇಕೆನ್ನಿಸುವುದು ಒಂದು ಗಾಲಿಯ ಸಂಗತಿ. ಅಲ್ಲಿಗೆ ಬರುವ ಹೊತ್ತಿಗೆ ಕೇಳುವವರು ಎದ್ದು ಹೋಗಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಗಿರಿಜಾ ಬಡಿಗೇರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ತಂಗಿ ಸುವರ್ಣಾ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ಮಕ್ಕಳ ಡಾಕ್ಟರು, ಅವಳ ಗಂಡನೂ ಡಾಕ್ಟರು. ಇಬ್ಬರೂ ಬೆಳಗ್ಗೆ ಏಳಕ್ಕೆ ಹೊರಬಿದ್ದರೆ ಮನೆಯಲ್ಲಿ ಉಳಿಯುವುದು ನಾನು, ಒಂದು ಬೀರುವಿನಷ್ಟು ದೊಡ್ಡ ಫ್ರಿಜ್ಜು ಮತ್ತು ಆರು ರಿಮೋಟುಗಳು. ಅವುಗಳಲ್ಲಿ ಒಂದನ್ನು ಒತ್ತಿ ನಾನು ಎರಡನೆಯ ದಿನವೇ ಗ್ಯಾರೇಜಿನ ಬಾಗಿಲು ತೆರೆದು, ಇಡೀ ಮಧ್ಯಾಹ್ನ ಬೀದಿಗೆ ಮನೆ ತೋರಿಸುತ್ತ ಕೂತಿದ್ದೆ. ಬಾಗಿಲು ಮುಚ್ಚಲು ಬಂದವಳು ಗೋಡೆಗೆ ಗೋಡೆ ಹೊಂದಿಕೊಂಡ ಪಕ್ಕದ ಮನೆಯ ನಾಜಿಮಾ.

ನಾಜಿಮಾ ಮೈಸೂರಿನವಳು, ನಲವತ್ತರ ಆಸುಪಾಸು. ಅಲ್ಲಿನ ಡೇಟಾ ಸೆಂಟರೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಆಶ್‌ಬರ್ನ್ ತುಂಬ ಈ ಡೇಟಾ ಸೆಂಟರುಗಳೇ. ಕಿಟಕಿ ಇಲ್ಲದ, ನಮ್ಮ ಹತ್ತಿ ಗೋದಾಮುಗಳ ಹಾಗಿರುವ ದೊಡ್ಡ ಕಟ್ಟಡಗಳು. ಒಳಗೆ ಏನಿದೆ ಎಂದು ಕೇಳಿದ್ದಕ್ಕೆ ಅವಳು, "ಎಲ್ಲಾ ಇದೆ ಆಂಟಿ. ನೀವು ದಿನಾ ಫಾರ್ವರ್ಡ್ ಮಾಡೋ ಗುಡ್ ಮಾರ್ನಿಂಗ್ ಫೋಟೋನೂ ಇಲ್ಲೇ ಎಲ್ಲೋ ಸ್ಟೋರ್ ಆಗಿರತ್ತೆ" ಅಂದಳು. ನಮ್ಮ ಸ್ನೇಹ ಅಂದೇ ಕುದುರಿತು. ಶುಕ್ರವಾರ ಅವಳಿಗೆ ಅರ್ಧ ದಿನ ರಜೆ. ವಾಷಿಂಗ್ಟನ್ನಿನ ದೊಡ್ಡ ಮ್ಯೂಸಿಯಮ್ಮುಗಳಿಗೆ ಮೆಟ್ರೊದಲ್ಲಿ ಹೋಗೋಣವೇ ಎಂದಳು. ನಾನು, ನನ್ನ ಮೊಣಕಾಲು ಸಣ್ಣ ಮ್ಯೂಸಿಯಮ್ಮಿಗಷ್ಟೇ ಒಪ್ಪುತ್ತದೆ ಎಂದೆ. ಹಾಗೆ ನಾವು ಹೋದದ್ದು ಬೆಟ್ಟದ ಬುಡದ ಒಂದು ಸಣ್ಣ ಊರಿಗೆ.

ಬೆಟ್ಟದ ಬುಡದ ಊರು

ಮುಕ್ಕಾಲು ಗಂಟೆಯ ದಾರಿ. ಒಂದೇ ಅಚ್ಚಿನ ಮನೆಗಳು ಮುಗಿದು, ಕಲ್ಲು ಪೇರಿಸಿದ ಗೋಡೆಗಳು, ಕುಂಬಳದ ಹೊಲಗಳು ಶುರುವಾದವು. ಗಿಡಗಳೆಲ್ಲ ಅರಿಸಿನ ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಜರ್ಮನಿಯಿಂದ ವಲಸೆ ಬಂದ ರೈತರು, ಕಸುಬಿನವರು ಕಟ್ಟಿಕೊಂಡ ಊರದು. ಒಂದೇ ಬೀದಿ, ಒಂದು ಚರ್ಚು, ಚರ್ಚಿನ ಪಕ್ಕ ಸ್ಮಶಾನ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿಯ ಜನ ಸಂಕೋಚದವರು.

ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳಿಗೆ ನಾಜಿಮಾ ಫೋನಿನಲ್ಲಿ ಅರ್ಥ ಹುಡುಕಿ ಓದುತ್ತ ಹೋದಳು. ಒಬ್ಬ ಕಮ್ಮಾರ, ಒಬ್ಬ ನೇಕಾರ, ಒಬ್ಬ ಗಿರಣಿಯವ, ಒಬ್ಬ ಗಾಡಿ ಮಾಡುವವ. ಮನೆತನದ ಹೆಸರೇ ಕಸುಬು. ನನಗೆ ನಮ್ಮ ಶಾಲೆಯ ಹಾಜರಿ ಪುಸ್ತಕವೇ ನೆನಪಾಯಿತು: ಕಮ್ಮಾರ, ಪತ್ತಾರ, ಕುಂಬಾರ, ಮಡಿವಾಳರ, ಹಡಪದ. ಅವಳಿಗೆ ನನ್ನ ಅಡ್ಡಹೆಸರಿನ ಅರ್ಥ ಹೇಳಿದೆ. ಬಡಿಗೇರ ಎಂದರೆ ಬಡಗಿ, ನಮ್ಮಪ್ಪ ಚಕ್ಕಡಿಗೆ ಗಾಲಿ ಮಾಡುತ್ತಿದ್ದ. ಅವಳಿಗೆ ಅದು ಹೊಸದು. ಮೈಸೂರಿನಲ್ಲಿ ಹೆಸರಿನ ಹಿಂದೆ ಊರೋ ಅಪ್ಪನೋ ಇರುತ್ತಾರೆಯೇ ಹೊರತು ಉಳಿ ಸುತ್ತಿಗೆ ಇರುವುದಿಲ್ಲವಂತೆ.

ಮ್ಯೂಸಿಯಮ್ಮು ಎಂದರೆ ಎರಡು ಕೋಣೆ ಮತ್ತು ಹಿಂದೊಂದು ಶೆಡ್ಡು. ಮೊದಲ ಕೋಣೆಯ ಗೋಡೆಗೆ ಹತ್ತೊಂಬತ್ತನೆಯ ಶತಮಾನದ ಜನಗಣತಿಯಿಂದ ಯಾರೋ ಚಂದದ ಅಕ್ಷರದಲ್ಲಿ ನಕಲು ಮಾಡಿದ ಪಟ್ಟಿ ಇತ್ತು. ಯಾರ ಕಸುಬು ಏನು ಎಂಬುದು. ಪೀಪಾಯಿ ಕಟ್ಟುವವ, ಚರ್ಮ ಹದ ಮಾಡುವವ, ಜೀನು ಹೊಲಿಯುವವ, ಟೊಪ್ಪಿಗೆ ಮಾಡುವವ, ಸುಣ್ಣ ಸುಡುವವ. ನಮ್ಮ ಹಳ್ಳಿಗಳ ಆಯಗಾರರೇ ಇವರು. ಸುಗ್ಗಿಯಲ್ಲಿ ಕೂಲಿಯ ಬದಲು ಮೆಕ್ಕೆಜೋಳವನ್ನೂ ತೆಗೆದುಕೊಳ್ಳುತ್ತಿದ್ದರಂತೆ. ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯಿತು. ಚಮ್ಮಾರನ ಮಗ ಮುಂದಿನ ಗಣತಿಯಲ್ಲಿ ಗಿರಣಿಯವ, ಗಿರಣಿಯವನ ಮಗ ಶಾಲೆ ಮಾಸ್ತರ. ನಮ್ಮಲ್ಲಿ ಕಸುಬು ಚರ್ಮದ ಜೊತೆಗೇ ಹುಟ್ಟುತ್ತದೆ, ಸತ್ತ ಮೇಲೂ ಬಿಡುವುದಿಲ್ಲ. ಹಾಗೆಂದು ಅವರನ್ನು ಪೂರಾ ಹೊಗಳುವಂತೆಯೂ ಇಲ್ಲ. ಕಪ್ಪು ಜನರ ಹೆಸರಿನ ಮುಂದೆ ಬಹುತೇಕ ಒಂದೇ ಪದವಿತ್ತು, ಕೂಲಿ. ಹೆಂಗಸರ ಮುಂದೆಯೂ ಒಂದೇ, ಮನೆಗೆಲಸ. ನೂಲು ಯಾರು ತೆಗೆದರು, ತಿದಿ ಯಾರು ಒತ್ತಿದರು ಎಂದು ಗಣತಿಯವನು ಕೇಳಿದಂತೆ ಕಾಣಲಿಲ್ಲ.

ಮೊಣಕಾಲು ನೋಯತೊಡಗಿದ್ದರಿಂದ ಶೆಡ್ಡಿನಲ್ಲಿ ಕಂಡ ಮೊದಲ ಬೆಂಚಿನ ಮೇಲೆ ಕುಸಿದೆ. ಅದು ಬೆಂಚಾಗಿರಲಿಲ್ಲ. ಪೀಪಾಯಿ ಕಟ್ಟುವವನು ಹಲಗೆ ಹೆರೆಯಲು ಕಾಲಿನಿಂದ ಒತ್ತಿ ಹಿಡಿಯುವ ಸಲಕರಣೆ, ಅಲ್ಲಿದ್ದ ಎಲ್ಲ ವಸ್ತುಗಳಿಗಿಂತ ಹಳೆಯದು. ಒಬ್ಬ ಎತ್ತರದ ಮುದುಕ ಒಳಗಿನಿಂದ ಗದರುತ್ತ ಬಂದರು. ಅವರೇ ವಾಲ್ಟರ್. ವಯಸ್ಸು ಎಪ್ಪತ್ತೊಂಬತ್ತು. ಜೀವನವೆಲ್ಲ ಮರದ ಕಾರ್ಖಾನೆಯ ಗರಗಸಗಳ ಮಧ್ಯೆ ಕಳೆದು ಕಿವಿ ಬಹಳ ಮಂದ. ಯಂತ್ರ ಹಾಕಿಕೊಂಡರೂ ಅರ್ಧವೇ ಕೇಳುತ್ತದೆ. ಆದ್ದರಿಂದ ಅವರು ಒಳ್ಳೆಯ ಮಾತನ್ನೂ ಗದರಿಕೆಯ ದನಿಯಲ್ಲೇ ಆಡುತ್ತಾರೆ ಎಂದು ನಮಗೆ ತಡವಾಗಿ ಗೊತ್ತಾಯಿತು. ನಾನು ಎದ್ದು, ಗಾಬರಿಯಲ್ಲಿ ಕನ್ನಡದಲ್ಲೇ ಕ್ಷಮೆ ಕೇಳಿದೆ. ಅವರಿಗೆ ಇಂಗ್ಲಿಷೂ ಅಷ್ಟೇ ಕೇಳುತ್ತಿದ್ದುದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ನಾನು ಗಾಲಿ ಮಾಡುವವನ ಮಗಳು ಎಂದು ನಾಜಿಮಾ ಅವರ ಕಿವಿಯಲ್ಲಿ ಕೂಗಿ ಹೇಳಿದಳು. ಅವರ ಮುಖ ಬದಲಾಯಿತು. ಶೆಡ್ಡಿನ ಮೂಲೆಗೆ ಕರೆದೊಯ್ದು ತಮ್ಮ ಗಾಡಿ ತೋರಿಸಿದರು.

ದೊಡ್ಡ ಕುದುರೆಗಾಡಿ. ಆ ಊರಿನ ಗಾಡಿ ಬಡಗಿಯೇ ಮಾಡಿದ್ದು, ವಾಲ್ಟರ್ ಅವರ ಮುತ್ತಜ್ಜನ ಕೈಯಲ್ಲಿ ಧಾನ್ಯ ಹೊತ್ತು ಗಿರಣಿಗೆ ಹೋಗಿ ಬಂದದ್ದು. ಮೂರು ಗಾಲಿ ಹಳೆಯವೇ, ಗಟ್ಟಿಯಾಗಿದ್ದವು. ನಾಲ್ಕನೆಯ ಗಾಲಿ ಹುಳು ತಿಂದು ಪುಡಿಯಾಗಿ, ಆ ಮೂಲೆಗೆ ಮರದ ದಿಮ್ಮಿ ಕೊಟ್ಟಿದ್ದರು. ವಾಲ್ಟರ್ ಎರಡು ಚಳಿಗಾಲ ಕೂತು ಹೊಸ ಗಾಲಿ ಮಾಡಿದ್ದರು. ಅದಕ್ಕೆ ಸುತ್ತಲೂ ಕಬ್ಬಿಣದ ಪಟ್ಟಿ, ನಾವು ಹಳಿ ಎನ್ನುತ್ತೇವಲ್ಲ ಅದು, ಕೂಡಿಸುವುದೊಂದು ಬಾಕಿ. ಎರಡು ವಾರಗಳ ನಂತರದ ಶನಿವಾರ ಊರ ಜನರ ಎದುರು ಹಳಿ ಕಾಯಿಸಿ ಕೂಡಿಸುವುದು, ಆಮೇಲೆ ಗಾಡಿಯನ್ನು ಬೀದಿಯಲ್ಲಿ ಉರುಳಿಸುವುದು. ಅದು ಸರಿಹೋಗದಿದ್ದರೆ ಗಾಡಿಯನ್ನು ಶಾಶ್ವತವಾಗಿ ದಿಮ್ಮಿಯ ಮೇಲೆ ನಿಲ್ಲಿಸಿ ಹಗ್ಗ ಕಟ್ಟಿಬಿಡಬೇಕೆಂದು ಮ್ಯೂಸಿಯಮ್ಮಿನವರು ತೀರ್ಮಾನಿಸಿದ್ದರು. ವಾಲ್ಟರ್ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಬೆರಳು ನಡುಗುತ್ತಿದ್ದವು. ಇನ್ನೊಂದು ಗಾಲಿ ಮಾಡುವ ಕೈ ಇದಲ್ಲ ಎಂದರು.

ಗಾಲಿ ಚಂದವಿತ್ತು. ನಡುವಿನ ಗುಂಬದಿಂದ ಹದಿನಾಲ್ಕು ಅರಗಳು ಹೊರಟು, ಏಳು ಬಾಗಿದ ತುಂಡುಗಳ ಸುತ್ತುಕಟ್ಟಿಗೆ ಸೇರಿದ್ದವು. ತುಂಡಿಗೂ ತುಂಡಿಗೂ ನಡುವಿನ ಸಂದನ್ನು ಅವರು ಹೆಮ್ಮೆಯಿಂದ ತೋರಿಸಿದರು. ಹಳೆಯ ಗಾಡಿ ಬಡಗಿಯ ಕೆಲಸ ಒರಟು, ಸಂದುಗಳು ಬಾಯಿ ಬಿಟ್ಟಿದ್ದವು, ತಾನದನ್ನು ತಿದ್ದಿದ್ದೇನೆ ಎಂದರು. ನಿಜಕ್ಕೂ ಒಂದು ಕೂದಲೂ ತೂರುತ್ತಿರಲಿಲ್ಲ. ಬೀರು, ಮೇಜು ಮಾಡಿ ಪಳಗಿದ ಕೈ.

ನಾನು ಬಾಗಿ ಮತ್ತೊಮ್ಮೆ ನೋಡಿದೆ. ನಮ್ಮಪ್ಪ ಆ ಸಂದನ್ನು ಎಂದೂ ಮುಚ್ಚುತ್ತಿರಲಿಲ್ಲ. ಕಾದ ಹಳಿ ತಣಿಯುತ್ತ ಕುಗ್ಗುವಾಗ ಸುತ್ತುಕಟ್ಟನ್ನು ಒಳಕ್ಕೆ ಒತ್ತುತ್ತದೆ, ಆಗಲೇ ಅರಗಳು ಗುಂಬದಲ್ಲಿ ಬಿಗಿಯಾಗುವುದು. ತುಂಡುಗಳು ಮೊದಲೇ ಒಂದಕ್ಕೊಂದು ಒತ್ತಿಕೊಂಡಿದ್ದರೆ ಒಳಕ್ಕೆ ಸರಿಯಲು ಜಾಗವೇ ಇಲ್ಲ. ಹೊರಗೆ ಹಳಿ ಬಿಗಿ, ಒಳಗೆ ಅರ ಸಡಿಲ. ಅಂಥ ಗಾಲಿ ನಾಲ್ಕು ಸುತ್ತು ಉರುಳಿ ಐದನೆಯದಕ್ಕೆ ಕಳಚುತ್ತದೆ. "ಬಿಗದ ಗಾಲಿ ಹಳಿ ಉಣ್ಣೂದಿಲ್ಲೋ" ಎಂದು ಅಪ್ಪ ಹೇಳುತ್ತಿದ್ದ. ಹೇಳುತ್ತಿದ್ದುದು ನನಗಲ್ಲ, ನನ್ನ ಅಣ್ಣಂದಿರಿಗೆ. ಹುಡುಗಿಯರು ತಿದಿ ಒತ್ತಬಹುದಿತ್ತು, ನೀರು ತರಬಹುದಿತ್ತು. ಉಳಿ ಮುಟ್ಟುವಂತಿರಲಿಲ್ಲ. ನಾನು ಆ ವಿದ್ಯೆ ಕಲಿತವಳಲ್ಲ, ನೋಡಿದವಳು.

ವಾಲ್ಟರ್ ನನ್ನನ್ನೇ ನೋಡುತ್ತಿದ್ದರು. ಗಾಲಿ ಹೇಗಿದೆ ಎಂದು ಕೇಳಿದರು. ಅವರ ಮುಖ ನೋಡಿ ನಾನು, ಬಹಳ ಚೆನ್ನಾಗಿದೆ, ನಮ್ಮಪ್ಪನಿಗೂ ಇಂಥ ಸಂದು ಬರುತ್ತಿರಲಿಲ್ಲ ಎಂದೆ. ಮೂವತ್ತೊಂದು ವರ್ಷ ಮಕ್ಕಳ ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆದವಳು ನಾನು. ಅಂದು ಎಳೆಯಲಿಲ್ಲ.

ಬ್ಯಾಲಂಟೈನ್

ಮರುದಿನವೇ ಉತ್ತರ ಕೆರೊಲಿನಾಕ್ಕೆ ಹೋಗುವುದಿತ್ತು. ಶಾರ್ಲೆಟ್ ನಗರದ ದಕ್ಷಿಣಕ್ಕೆ ಬ್ಯಾಲಂಟೈನ್ ಎಂಬಲ್ಲಿ ನಮ್ಮ ಚಿಕ್ಕಪ್ಪನ ಮಗ ಬಸವರಾಜ ಒಂದು ಬ್ಯಾಂಕಿನಲ್ಲಿ ಎಂಜಿನಿಯರ್. ಸುವರ್ಣಾ ಕಾರು ನಡೆಸಿದಳು. ಏಳು ತಾಸು ಸೀದಾ ರಸ್ತೆ. ದಾರಿಯುದ್ದಕ್ಕೂ ಒಂದೇ ಒಂದು ಹಾರ್ನ್ ಕೇಳಲಿಲ್ಲ. ಸದ್ದಿಲ್ಲದ ರಸ್ತೆಯಲ್ಲಿ ಮನಸ್ಸು ತಾನೇ ಸದ್ದು ಮಾಡುತ್ತದೆ. ನನಗೆ ದಾರಿ ತುಂಬ ಕಂಡದ್ದು ಗಾಲಿಗಳೇ. ಟ್ರಕ್ಕುಗಳದ್ದು, ಹದಿನೆಂಟು ಹದಿನೆಂಟು.

ಬ್ಯಾಲಂಟೈನ್ ಅಂದವಾದ ಊರು. ಕೆರೆ ಕೂಡ ಹೇಳಿ ಮಾಡಿಸಿದ್ದು, ಅದರ ಬಾತುಕೋಳಿಗಳು ಮಾತ್ರ ತಾವಾಗಿ ಬಂದವಂತೆ. ಊಟಕ್ಕೆ ಬಸವರಾಜನ ಹೆಂಡತಿ ಜೋಳದ ರೊಟ್ಟಿಯನ್ನೇ ಬಡಿದಿದ್ದಳು. ಫೈರ್ ಅಲಾರಂ ಕೂಗಿಕೊಂಡಿತು, ಯಾರೂ ಏಳಲಿಲ್ಲ. ರೊಟ್ಟಿ ಮಾಡಿದಾಗಲೆಲ್ಲ ಅದು ಕೂಗುವುದು ವಾಡಿಕೆ ಎಂದರು. ಊಟದ ನಡುವೆ ನಾನು ಗಾಲಿಯ ವಿಷಯ ತೆಗೆದೆ.

ಬಸವರಾಜನೂ ಬಡಿಗೇರನೇ. ಅವನಪ್ಪ ನಮ್ಮಪ್ಪನ ಜೊತೆಗೇ ಹಳಿ ಕಾಯಿಸಿದವನು. ಆದರೆ ಅವನು ಇಲ್ಲಿ ಅಡ್ಡಹೆಸರಿನ ಬದಲು ಅಪ್ಪನ ಹೆಸರು ಬರೆಸಿಕೊಂಡಿದ್ದಾನೆ. ಆ ಅಡ್ಡಹೆಸರಿನ ನೋವು ನಮ್ಮಿಬ್ಬರಿಗೂ ಗೊತ್ತು. ಶಾಲೆಯಲ್ಲಿ ಹೆಸರು ಕರೆದ ಕೂಡಲೇ ಹುಡುಗರು ಉಳಿ ಬಡಿಯುವ ಸದ್ದು ಮಾಡುತ್ತಿದ್ದರು.

"ಅಕ್ಕಾ, ನೀ ಯಾಕ ಇನ್ವಾಲ್ವ್ ಆಗ್ತಿ? ಅಂವಾ ಎಕ್ಸ್‌ಪರ್ಟ್ ಅದಾನ. ಒಂದ್ ವ್ಯಾಳ್ಯಾ ನಿಂದು ತಪ್ಪಿದ್ರ? ಮುದುಕನ ಎರಡು ವರ್ಷದ ಕೆಲಸಾ ಹಾಳಾಗ್ತೈತಿ" ಎಂದ ಬಸವರಾಜ.

ಅವನು ಹೇಳಿದ್ದೂ ಸರಿಯೇ. ಅಪ್ಪ ಕೆಲಸ ಮಾಡಿದ್ದು ಜಾಲಿ ಮರದಲ್ಲಿ, ಬಿಸಿಲಿನ ಊರಿನಲ್ಲಿ. ಇದು ಓಕ್ ಮರ, ಹಿಮದ ಊರು. ಇಲ್ಲಿಯ ಪದ್ಧತಿಯೇ ಬೇರೆ ಇರಬಹುದು. ಉಳಿ ಹಿಡಿಯದವಳ ಮಾತು ನಂಬಿ ಸಂದು ಬಿಡಿಸಿ, ಗಾಲಿ ಕೆಟ್ಟರೆ ನಾನು ವಿಮಾನ ಹತ್ತಿ ಬಿಡುತ್ತೇನೆ, ಅವರು ದಿಮ್ಮಿಯನ್ನು ನೋಡುತ್ತ ಉಳಿಯುತ್ತಾರೆ. ಸುಮ್ಮನಿದ್ದು ಕೆಟ್ಟರೆ? ಆಗಲೂ ಅವರೇ ಉಳಿಯುತ್ತಾರೆ. ಚೆನ್ನಾಗಿದೆ ಎಂದವಳು ನಾನು. ಆ ಹೊಗಳಿಕೆ ಗಂಟಲಲ್ಲಿ ಮೀನಿನ ಮುಳ್ಳಾಗಿ ಸಿಕ್ಕಿಕೊಂಡಿತ್ತು, ನಾನು ಮೀನು ತಿನ್ನದಿದ್ದರೂ.

ಎರಡನೆಯ ದಿನ ನಾಜಿಮಾಗೆ ಫೋನ್ ಮಾಡಿ, ಅಪ್ಪ ಸಂದಿನಲ್ಲಿ ಗರಗಸ ಆಡಿಸುತ್ತಿದ್ದುದೂ ಸೇರಿ ಎಲ್ಲವನ್ನೂ ಹೇಳಿದೆ. ವಾಲ್ಟರ್ ಅವರಿಗೆ ಕಿವಿ ಕೇಳದಿದ್ದರೂ ಇಮೇಲ್ ಓದುತ್ತಾರಂತೆ. ಅವಳು ಒಂದೊಂದೇ ಮಾತು ಕೇಳಿ ಬರೆದುಕೊಂಡಳು. ಸಂದು ಎಷ್ಟಿರಬೇಕು ಎಂಬಲ್ಲಿ ನಾನು ತಡವರಿಸಿದೆ. ಅಪ್ಪ ಹಳಿ ಕೂಡಿಸುವ ಮುನ್ನ ನನ್ನ ಕೈಯ ಬಳೆ ಬಿಚ್ಚಿಸಿಕೊಂಡು ಸಂದಿಗೆ ಹಿಡಿದು ನೋಡುತ್ತಿದ್ದ, ಬಳೆಯ ದಪ್ಪ ಇರಬೇಕು ಎಂದೆ.

"ಬಳೆ ಅಂದ್ರೆ ಎಷ್ಟು ಮಿಲಿಮೀಟರ್ ಆಂಟಿ? ನೀವು ಮ್ಯಾಥ್ಸ್ ಟೀಚರ್ ಅಲ್ವಾ?" ಎಂದಳು ನಾಜಿಮಾ.

ಗಣಿತದ ಟೀಚರು ತನ್ನ ಕೈಯ ಹಸಿರು ಬಳೆಯನ್ನು ಬಸವರಾಜನ ಸ್ಕೇಲಿನ ಮೇಲಿಟ್ಟು ಕನ್ನಡಕ ಹಾಕಿ ನೋಡಿ ಹೇಳಿದಳು. ಕೊನೆಗೆ ಒಂದು ಸಾಲು ಸೇರಿಸು ಎಂದೆ: ಅಂದು ನಾನು ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ, ಕ್ಷಮಿಸಿ.

ಸಂಜೆಗೇ ಉತ್ತರ ಬಂತು. ನಾಜಿಮಾ ಫೋನಿನಲ್ಲಿ ಸ್ವಲ್ಪ ರೂಡ್ ಆಗಿದೆ ಎಂದು ಮೊದಲೇ ಎಚ್ಚರಿಸಿ ಓದಿದಳು. ತಾನು ಐವತ್ತೆರಡು ವರ್ಷ ಮರದ ಕೆಲಸ ಮಾಡಿದವನು, ಗರಗಸದಿಂದ ಒಳ್ಳೆಯ ಸಂದನ್ನು ಕೆಡಿಸುವ ಪಾಠ ತನಗೆ ಬೇಕಿಲ್ಲ, ಪ್ರವಾಸ ಸುಖಕರವಾಗಿರಲಿ. ಅಷ್ಟೇ. ಬಸವರಾಜ ನಾನು ಹೇಳಿರಲಿಲ್ಲವೇ ಎಂಬಂತೆ ನೋಡಿದ. ಆ ಊರಿನ ಕೆರೆಯನ್ನು ನಾನು ಅಂದು ಮೂರು ಸುತ್ತು ಹಾಕಿದೆ. ಬಾತುಕೋಳಿಗಳೂ ನನಗೆ ದಾರಿ ಬಿಟ್ಟವು.

ಮತ್ತೆ ಶೆಡ್ಡು

ಆಶ್‌ಬರ್ನ್‌ಗೆ ಮರಳಿದ ಮೇಲೆ, ಹಳಿ ಕೂಡಿಸುವ ಶನಿವಾರಕ್ಕೆ ಎರಡು ದಿನ ಇದೆ ಎನ್ನುವಾಗ, ಇನ್ನೊಂದು ಇಮೇಲ್ ಬಂತು. ಒಂದೇ ಸಾಲು. ಇವತ್ತೇ ಬನ್ನಿ. ನಾಜಿಮಾ ಎರಡು ಮೀಟಿಂಗುಗಳನ್ನು ಮುಂದೂಡಿ ಕಾರು ತೆಗೆದಳು.

ವಾಲ್ಟರ್ ನಮ್ಮನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಹುಳು ತಿಂದ ಹಳೆಯ ಗಾಲಿಯ ತುಂಡುಗಳನ್ನು ಚೀಲದ ಮೇಲೆ ಸಾಲಾಗಿ ಇಟ್ಟಿದ್ದರು. ಬಿಸಾಡಲು ಮನಸ್ಸಾಗದೆ ಎರಡು ವರ್ಷ ಅಲ್ಲೇ ಬಿದ್ದಿದ್ದವಂತೆ. ಪ್ರತಿ ತುಂಡಿನ ತುದಿಯಲ್ಲೂ ಓರೆಯಾದ, ಒರಟಾದ ಗೆರೆಗಳಿದ್ದವು. ಗರಗಸ ಆಡಿಸಿದ ಗುರುತು. ತುಂಡು ತುಂಡನ್ನು ಸೇರಿಸುವ ಮರದ ಗೂಟಕ್ಕೆ ತಾಗದಂತೆ, ಸುತ್ತಲಿಂದ ಹುಷಾರಾಗಿ ಆಡಿಸಿದ್ದು. ಏಳೂ ಸಂದುಗಳಲ್ಲಿ ಹಾಗೇ ಇತ್ತು. ಅಜಾಗರೂಕತೆ ಒಂದು ಕಡೆ ಆಗಬಹುದು, ಏಳು ಕಡೆ ಆಗುವುದಿಲ್ಲ.

ವಾಲ್ಟರ್ ಒಂದು ತುಂಡನ್ನು ಎತ್ತಿ ತುದಿಯ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, ಯಾವತ್ತಿನ ದೊಡ್ಡ ದನಿ ಬಿಟ್ಟು ಮೆಲ್ಲಗೆ ಹೇಳಿದರು: "ಆ ಗಾಡಿ ಬಡಗಿ ನನಗೆ ಬರೆದಿಟ್ಟು ಹೋಗಿದ್ದ. ನಾನು ಅದನ್ನು ಅವನ ತಪ್ಪು ಅಂದುಕೊಂಡೆ."

ನನಗೆ ಅಳು ಬಂತು. ಮುಖ ತಿರುಗಿಸಿಕೊಂಡೆ. ಒಳ್ಳೆಯ ಕೆಲಸಗಾರನಲ್ಲದಿದ್ದರೆ ಈ ತಪ್ಪು ಅವರಿಂದ ಆಗುತ್ತಲೇ ಇರಲಿಲ್ಲ. ಒಡ್ಡೊಡ್ಡಾಗಿ ಕೆಲಸ ಮಾಡುವವನ ಗಾಲಿಯಲ್ಲಿ ಸಂದು ತಾನಾಗಿಯೇ ಉಳಿಯುತ್ತಿತ್ತು.

ಒಳಗೆ ಗಾಲಿಯನ್ನು ಮಲಗಿಸಿ ಕಟ್ಟಿದ್ದರು. ಬೆಳಗ್ಗೆಯಿಂದ ಗರಗಸ ಹಿಡಿದು ನಿಂತಿದ್ದೇನೆ, ಮೊದಲ ಸಂದಿಗೆ ಕೈ ಏಳುತ್ತಿಲ್ಲ ಎಂದರು. ನಡುಗುವ ಕೈ ಒಂದು ಕಾರಣ, ತಾನೇ ಕೂಡಿಸಿದ್ದು ಎಂಬುದು ಇನ್ನೊಂದು. ಸಣ್ಣ ಹಲ್ಲಿನ ಗರಗಸವನ್ನು ನನ್ನ ಕಡೆ ಚಾಚಿದರು. ಹಿಡಿಕೆಯ ಕಡೆಯಿಂದ.

ನಾನು ಹಿಂದೆ ಸರಿದೆ. ಕಲಿತವಳಲ್ಲ ಎಂದು ನಾಜಿಮಾ ಅವರ ಕಿವಿಯಲ್ಲಿ ಕೂಗಿದಳು. ಅವರು ತಲೆ ಅಲ್ಲಾಡಿಸಿ ಚಾಚಿದ ಕೈಯನ್ನು ಹಾಗೇ ಇಟ್ಟರು. ಅರವತ್ತಮೂರನೆಯ ವಯಸ್ಸಿನಲ್ಲಿ, ಸೀರೆಯ ಮೇಲೆ ತಂಗಿಯ ಸ್ವೆಟರ್ ಹಾಕಿಕೊಂಡು, ನಾನು ಮೊದಲ ಸಲ ಗಾಲಿಗೆ ಗರಗಸ ಹಚ್ಚಿದೆ. ಕೈಗೆ ಬಾರದಿದ್ದರೂ ಕಣ್ಣಿಗೆ ಗೊತ್ತಿತ್ತು. ಎಳೆಯುವಾಗ ಭಾರ ಹಾಕಬಾರದು, ಮರ ಹೇಳಿದಷ್ಟೇ ಹೋಗಬೇಕು. ಗೂಟ ಹತ್ತಿರ ಬಂದಾಗ ಸದ್ದು ಬದಲಾಯಿತು, ನಿಲ್ಲಿಸಿದೆ. ವಾಲ್ಟರ್ ಬಾಗಿ ನೋಡಿದರು. ನಾನು ಬಳೆ ಬಿಚ್ಚಿ ಸಂದಿಗೆ ಹಿಡಿದೆ. ಇನ್ನೂ ಹೋಗಲಿಲ್ಲ, ಮತ್ತೊಮ್ಮೆ ಆಡಿಸಿದ ಮೇಲೆ ತೂರಿತು. ಅಷ್ಟಾದ ಮೇಲೆ ಅವರ ಧೈರ್ಯ ಮರಳಿತು. ಉಳಿದ ಆರನ್ನು ಅವರೇ ಮಾಡಿದರು, ಮಣಿಕಟ್ಟನ್ನು ನಾಜಿಮಾ ಹಿಡಿದುಕೊಂಡಿದ್ದಳು. ಏಳನೆಯದಾಗುವ ಹೊತ್ತಿಗೆ ಆ ಚಂದದ ಗಾಲಿ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಅರಗಳೆಲ್ಲ ಲೊಡ ಲೊಡ ಅಲ್ಲಾಡುತ್ತಿದ್ದವು. ಮನೆಗೆ ಬರುವ ದಾರಿಯಲ್ಲಿ ನಾಜಿಮಾ ಒಂದೇ ಮಾತು ಕೇಳಿದಳು: "ಆಂಟಿ, ಹಂಡ್ರೆಡ್ ಪರ್ಸೆಂಟ್ ಶ್ಯೂರ್ ಅಲ್ವಾ?"

ಶನಿವಾರ

ಬೆಳಗ್ಗೆ ಹತ್ತಕ್ಕೆಲ್ಲ ಅರವತ್ತು ಎಪ್ಪತ್ತು ಜನ ಸೇರಿದ್ದರು. ಮಡಚುವ ಕುರ್ಚಿಗಳನ್ನು ಮನೆಯಿಂದಲೇ ತಂದಿದ್ದರು. ಒಂದು ಕಡೆ ಸೇಬಿನ ರಸ ಕುದಿಯುತ್ತಿತ್ತು. ನಾನು ಚುರುಮರಿ ಚೂಡಾ ತಂದಿದ್ದೆ. ಜನ ಮೊದಲು ಅನುಮಾನದಿಂದ ನೋಡಿ, ಆಮೇಲೆ ಡಬ್ಬಿಯನ್ನೇ ಖಾಲಿ ಮಾಡಿದರು.

ಹಳಿ ಕಾಯಿಸಲು ಬಂದ ಕಮ್ಮಾರ ಒಬ್ಬ ಹೆಂಗಸು. ಮೇಗನ್ ಎಂದು ಹೆಸರು, ವಾರವೆಲ್ಲ ಸುತ್ತಲಿನ ಕುದುರೆಗಳಿಗೆ ಲಾಳ ಹೊಡೆಯುತ್ತಾಳೆ. ತೋಳು ನಮ್ಮೂರ ಪೈಲ್ವಾನರದ್ದು. ಅವಳು ಒಂದು ಪುಟ್ಟ ಚಕ್ರಕ್ಕೆ ಹಿಡಿಕೆ ಹಾಕಿದ ಸಾಧನವನ್ನು ಗಾಲಿಯ ಸುತ್ತ ಉರುಳಿಸಿ ಅಳೆದಳು, ಮತ್ತೆ ಹಳಿಯ ಒಳಗೆ ಉರುಳಿಸಿದಳು. ಅಪ್ಪ ಇದೇ ಕೆಲಸವನ್ನು ಹುರಿಯಲ್ಲಿ ಮಾಡುತ್ತಿದ್ದ. ಬಾಯಿ ಬಿಟ್ಟ ಸಂದುಗಳನ್ನು ನೋಡಿ ಅವಳು ವಾಲ್ಟರ್ ಕಡೆ ಹುಬ್ಬೇರಿಸಿದಳು. ಅವರು ನನ್ನ ಕಡೆ ಬೆರಳು ತೋರಿಸಿದರು. ಇಡೀ ಊರು ನನ್ನನ್ನು ನೋಡಿತು. ಓಡಿಹೋಗಲು ಕಾರಿನ ಕೀಲಿ ನನ್ನ ಬಳಿ ಇರಲಿಲ್ಲ.

ನೆಲದ ಮೇಲೆ ಹಳಿಯನ್ನು ಮಲಗಿಸಿ, ಸುತ್ತ ಓಕ್ ಚಕ್ಕೆ ಪೇರಿಸಿ ಬೆಂಕಿ ಕೊಟ್ಟರು. ನಮ್ಮಲ್ಲಾದರೆ ಸೆಗಣಿಯ ಕುಳ್ಳು. ಹೊಗೆಯ ವಾಸನೆ ಬೇರೆ, ಕಾಯುವ ರೀತಿ ಒಂದೇ. ಹಳಿ ಕಾದು ಹಿಗ್ಗಿದಾಗ ಮೂವರು ಉದ್ದ ಇಕ್ಕಳಗಳಲ್ಲಿ ಅದನ್ನು ಎತ್ತಿ ತಂದು ಗಾಲಿಯ ಮೇಲೆ ಇಳಿಸಿದರು. ಮರ ಭಗ್ಗನೆ ಹೊತ್ತಿಕೊಂಡಿತು. ಮೇಗನ್ ಸುತ್ತಿಗೆಯಿಂದ ಸುತ್ತಲೂ ಬಡಿದು ಕೂಡಿಸಿ ಕೈ ಎತ್ತಿದಳು, ಕೂಡಲೇ ಎಲ್ಲರೂ ಕೊಡಗಳಲ್ಲಿ ನೀರು ಸುರಿದರು. ಹಬೆಯಲ್ಲಿ ಗಾಲಿ ಕಾಣದಂತಾಯಿತು. ಒಳಗಿನಿಂದ ಟಕ್, ಟಕ್ ಎಂದು ಸದ್ದು ಬರತೊಡಗಿತು. ಮರ ಒಳಕ್ಕೆ ಸರಿಯುವ ಸದ್ದು. ಕೆಲವರು ಗಾಲಿ ಒಡೆಯುತ್ತಿದೆ ಎಂದು ಗಾಬರಿಯಾದರು. ನನಗೆ ಮಾತ್ರ ಅದು ಐವತ್ತು ವರ್ಷದಿಂದ ಕೇಳದ ಸದ್ದು.

ಹಬೆ ಕರಗಿದ ಮೇಲೆ ಬಾಗಿ ನೋಡಿದೆವು. ಏಳೂ ಸಂದುಗಳು ಮುಚ್ಚಿದ್ದವು. ಜನ ಚಪ್ಪಾಳೆ ತಟ್ಟಿದರು. ವಾಲ್ಟರ್ ತಟ್ಟಲಿಲ್ಲ. ಸಂದು ಮುಚ್ಚುವುದು ತನ್ನ ಕೈಯಿಂದಲೂ ಆಗಿತ್ತು ಎಂಬುದು ಅವರಿಗೆ ಗೊತ್ತಿತ್ತು. ಅರ ಬಿಗಿಯಾಯಿತೋ ಇಲ್ಲವೋ ನೋಡಲು ಇರುವುದು ಒಂದೇ ಪರೀಕ್ಷೆ, ಸುತ್ತಿಗೆಯಿಂದ ತಟ್ಟಿ ಕೇಳುವುದು. ಬಿಗಿಯಾದ ಅರ ಗಂಟೆಯ ಹಾಗೆ ನಾದ ಕೊಡುತ್ತದೆ, ಸಡಿಲವಾದದ್ದು ಕುಂಬಳಕಾಯಿಯ ಹಾಗೆ. ಅವರು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ತಾವು ಅರದ ಮೇಲೆ ಅಂಗೈ ಇಟ್ಟುಕೊಂಡರು.

"ನೀವು ಕೇಳಿ, ನಾನು ಮುಟ್ಟುತ್ತೇನೆ. ಈ ಸಲ ನಿಜ ಹೇಳಬೇಕು" ಎಂದರು.

ಮೊದಲನೆಯದು ನಾದ ಕೊಟ್ಟಿತು. ನಾನು ತ‌ಲೆಯಾಡಿಸಿದೆ. ಎರಡನೆಯದು, ಮೂರನೆಯದು. ನಾವು ಗಾಲಿಯ ಸುತ್ತ ನಿಧಾನವಾಗಿ ತಿರುಗಿದೆವು, ಅವರ ಅಂಗೈ ಮುಂದೆ, ನನ್ನ ಸುತ್ತಿಗೆ ಹಿಂದೆ. ಒಂಬತ್ತನೆಯದು ಮೊದ್ದಾಗಿ ದಬ್ ಎಂದಿತು. ಮತ್ತೆ ತಟ್ಟಿದೆ, ಮತ್ತೆ ದಬ್. ಸುತ್ತಲೂ ಊರ ಜನ, ಎದುರಿಗೆ ಆ ಮುಖ. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು, ನಿಜ ಹೇಳುತ್ತೇನೆ. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ವಾಲ್ಟರ್ ನಕ್ಕರು. ತನ್ನ ಅಂಗೈಗೂ ಗೊತ್ತಾಯಿತು ಎಂದರು. ಆ ಒಂದು ಅರ ಹಳೆಯ ಗಾಲಿಯದ್ದಂತೆ, ಮುತ್ತಜ್ಜನ ಕಾಲದ್ದು. ಹದಿನಾಲ್ಕರಲ್ಲಿ ಅದೊಂದೇ ಹುಳು ತಿನ್ನದೆ ಉಳಿದಿತ್ತು, ಬಿಡಲು ಮನಸ್ಸಾಗದೆ ಸೇರಿಸಿದ್ದರು. ಉಳಿದ ಐದೂ ನಾದ ಕೊಟ್ಟವು. ಹದಿಮೂರು ದುಡಿಯುವಾಗ ಒಬ್ಬ ಮುದುಕ ಕೂತುಕೊಂಡು ಬಂದರೆ ಗಾಡಿಯೇನೂ ನಿಲ್ಲುವುದಿಲ್ಲ ಎಂದಳು ಮೇಗನ್. ನಮ್ಮ ಮನೆಗಳ ಲೆಕ್ಕವೂ ಅದೇ ಎಂದು ನಾನೆಂದೆ.

ಊಟದ ನಂತರ ಅಚ್ಚಿಗೆ ಎಣ್ಣೆ ಬಳಿದು ಗಾಲಿ ಏರಿಸಿದರು. ದಿಮ್ಮಿ ತೆಗೆದರು. ಕುದುರೆ ಇರಲಿಲ್ಲ, ಹತ್ತು ಹನ್ನೆರಡು ಜನ ಗಾಡಿಯ ಮುಂದಿನ ಮೂಕಿಗೆ ಕೈ ಹಾಕಿದರು, ನಾಜಿಮಾ ಕೂಡ. ಗಾಡಿ ಶೆಡ್ಡಿನಿಂದ ಹೊರಬಂದು ಜಲ್ಲಿಯ ಬೀದಿಗೆ ಇಳಿಯಿತು. ಕಬ್ಬಿಣ ಕಲ್ಲನ್ನು ತುಳಿಯುವ ಗಡಗಡ ಸದ್ದು ಬೀದಿಯ ಎರಡೂ ಬದಿಯ ಮನೆಗಳಿಗೆ ಬಡಿದು ಹಿಂದಿರುಗುತ್ತಿತ್ತು. ನಾಯಿಗಳು ಬೊಗಳತೊಡಗಿದವು.

ವಾಲ್ಟರ್ ಗಾಡಿ ಹತ್ತಲು ಒಪ್ಪಲಿಲ್ಲ. ನಾಲ್ಕನೆಯ ಗಾಲಿಯ ಪಕ್ಕದಲ್ಲೇ, ಅದನ್ನೇ ನೋಡುತ್ತ ನಡೆಯುತ್ತಿದ್ದರು. ಚರ್ಚಿನ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಸದ್ದಾಗುತ್ತಿದೆಯಾ?" ಎಂದು ಕೇಳಿದರು.

ಬಹಳ ಸದ್ದು ಎಂದು ಕೈ ಎರಡೂ ಅಗಲಿಸಿ ತೋರಿಸಿದೆ.

"ನಾಲ್ಕೂ ಗಾಲಿಯದ್ದಾ?"

ನಾನು ನಿಂತು ಕಿವಿಗೊಟ್ಟು ಕೇಳಿದೆ. ಆಮೇಲೆ ನಾಲ್ಕು ಬೆರಳು ಎತ್ತಿದೆ. ಅವರು ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡು, ತಮಗೆ ಕೇಳಿಸದ ಆ ಸದ್ದಿನ ಹಿಂದೆ ನಡೆದರು.